ಟೆಂಟ್ ಹಾಕಲು ಕೊಡಗಿನಲ್ಲಿ ಖಾಲಿ ಜಾಗ ಎಲ್ಲಿದೆ?

ಮಳೆ ಸ್ವಲ್ಪ ಹಿಂದೆ ಸರಿದು ದಸರಾ ರಜೆ ಹತ್ತಿರ ಬಂದರೆ ಸಾಕು, ಬೆಂಗಳೂರು, ಮೈಸೂರಿನ ಸ್ನೇಹಿತರಿಂದ ನನಗೆ ಒಂದೇ ಪ್ರಶ್ನೆ. 'ನಿಮ್ಮ ಕೊಡಗಿನಲ್ಲಿ ಟೆಂಟ್ ಹಾಕೋಕೆ ಜನ ಇಲ್ಲದ ಖಾಲಿ ಜಾಗ ಯಾವುದಾದ್ರೂ ಇದ್ರೆ ಹೇಳು.' ಕೇಳುವವರು ಒಳ್ಳೆಯವರೇ. ಕಾಡು ಅಂದರೆ ಪ್ರೀತಿ ಇರುವವರು. ಆದರೂ ನನ್ನ ಉತ್ತರ ಬದಲಾಗುವುದಿಲ್ಲ. ಜನ ಕಾಣದ ಜಾಗ ಇಲ್ಲಿ ಬೇಕಾದಷ್ಟಿದೆ, ಯಾರದ್ದೂ ಅಲ್ಲದ ಜಾಗ ಮಾತ್ರ ಇಲ್ಲ.

ಮೊಬೈಲ್ ಮ್ಯಾಪಿನಲ್ಲಿ ನೋಡಿದರೆ ಮಡಿಕೇರಿಯಿಂದ ಆಚೆ ಎಲ್ಲವೂ ಹಸಿರು, ಎಲ್ಲವೂ ಖಾಲಿ. ನೆಲದ ಮೇಲೆ ನಿಂತು ನೋಡಿದರೆ ಬೇರೆ. ಆ ಬಾಣೆ, ಅಂದರೆ ಹುಲ್ಲುಗಾವಲು, ಯಾವುದೋ ಮನೆತನದ್ದು, ಅವರ ದನ ಅಲ್ಲಿ ಮೇಯುತ್ತವೆ. ಕೊಲ್ಲಿ (ನಮ್ಮಲ್ಲಿ ಸಣ್ಣ ತೊರೆಗೆ ಹಾಗನ್ನುತ್ತೇವೆ) ಬದಿಯಲ್ಲಿ ಸಮತಟ್ಟಾಗಿ, ಟೆಂಟಿಗೆ ಅಂತಲೇ ಮಾಡಿದ ಹಾಗೆ ಕಾಣುವ ಮರಳಿನ ಜಾಗ ಇದೆಯಲ್ಲ, ಅದು ನೀರಿನದ್ದು. ಮೇಲೆ ಬೆಟ್ಟದಲ್ಲಿ ಒಂದು ಜೋರು ಮಳೆ ಬಿದ್ದರೆ ನೀರು ತನ್ನ ಜಾಗಕ್ಕೆ ವಾಪಸ್ ಬರುತ್ತದೆ, ಕೆಳಗೆ ನಿಮ್ಮ ತಲೆಯ ಮೇಲೆ ಒಂದು ಹನಿ ಬೀಳದೇ ಇದ್ದರೂ. ಬಿದಿರು ಮುರಿದು ಬಿದ್ದಿರುವ ಅಗಲವಾದ ದಾರಿ ಆನೆಯದ್ದು. ರಸ್ತೆ ಪಕ್ಕ ಇದ್ದಕ್ಕಿದ್ದಂತೆ ದೊಡ್ಡ ದೊಡ್ಡ ಮರ ನಿಂತಿರುವ ತಂಪು ಜಾಗ ಬಹುಶಃ ದೇವರಕಾಡು, ಊರವರು ದೇವರಿಗೆ ಅಂತ ಬಿಟ್ಟ ಕಾಡು. ಹಾಗಾಗಿ ಟೆಂಟ್ ಬಿಚ್ಚುವ ಮುಂಚೆ ಕೇಳಬೇಕಾದ್ದು ಇಷ್ಟೇ: ಇದು ಯಾರ ಜಾಗ?

ಕಾನೂನಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಮೂರೂ ವನ್ಯಜೀವಿ ಧಾಮಗಳು, ನಾಗರಹೊಳೆ ರಾಷ್ಟ್ರೀಯ ಉದ್ಯಾನ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ ಕೆಲವು ಕಾಡುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಮೂರು ಧಾಮಗಳೂ ಅದರಲ್ಲಿದ್ದವು. ಇಂಥ ಕಡೆ ಅನುಮತಿ ಇಲ್ಲದೆ ರಾತ್ರಿ ಉಳಿಯುವುದಿರಲಿ, ಒಳಗೆ ಕಾಲಿಡುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಧಾಮದೊಳಗೆ ಕಸ ಎಸೆಯುವುದೂ ತಪ್ಪು, ಬೆಂಕಿ ಹಚ್ಚುವುದೂ ತಪ್ಪು. 'ಯಾರೂ ನೋಡಲ್ಲ, ಬೆಳಗ್ಗೆ ಐದಕ್ಕೆ ಎದ್ದು ಹೋಗಿಬಿಡ್ತೀವಿ' ಅನ್ನುವ ಮಾತು ನನಗೆ ಇಷ್ಟವಾಗುವುದಿಲ್ಲ. 2024ರ ಜನವರಿ ಕೊನೆಯ ರಜೆಯಲ್ಲಿ ಪುಷ್ಪಗಿರಿ ಧಾಮದ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಹೋಗಿ ಸಾಲು ನಿಂತ ಫೋಟೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ದಾರಿಗಳನ್ನೆಲ್ಲ ಕೆಲವು ಕಾಲ ಮುಚ್ಚಿಸಿತು. ಸರಿಯಾಗಿ ಅನುಮತಿ ತೆಗೆದುಕೊಂಡು ಹೋಗುವವರಿಗೂ ಅವತ್ತು ಬಾಗಿಲು ಮುಚ್ಚಿತು.

ತಡಿಯಂಡಮೋಳ್ ಕೊಡಗಿನಲ್ಲೇ ಎತ್ತರದ ಬೆಟ್ಟ, 1748 ಮೀಟರ್. ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಹತ್ತಿರ ಬೆಳಗ್ಗೆ ಬೇಗ ಹೊರಟರೆ ಒಂದೇ ಹಗಲಿನಲ್ಲಿ ಹತ್ತಿ ಇಳಿಯಬಹುದು. ರಾತ್ರಿ ಮೇಲೆ ಯಾಕೆ ಇರಬೇಕು? ಸೂರ್ಯೋದಯ ಅನ್ನುತ್ತಾರೆ. ಸೂರ್ಯೋದಯ ಕೆಳಗಿನ ಬಾಣೆಯಿಂದಲೂ ಚೆನ್ನಾಗಿಯೇ ಕಾಣುತ್ತದೆ. ಬೆಟ್ಟದ ನೆತ್ತಿಯ ಹುಲ್ಲಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಹಾಳು ಮಾಡುವುದು ಅದನ್ನೇ, ಅದೂ ಗೊತ್ತಿಲ್ಲದೆ. 'ಬರೀ ಹುಲ್ಲು ತಾನೇ, ಮರ ಏನೂ ಕಡಿಯುತ್ತಿಲ್ಲವಲ್ಲ' ಅಂತ.

ನಮ್ಮ ಬೆಟ್ಟಗಳಲ್ಲಿ ಕಣಿವೆಯ ಮಡಿಕೆಗಳೊಳಗೆ ಶೋಲಾ, ಅಂದರೆ ಕುಳ್ಳ ಮರಗಳ ದಟ್ಟ ಕಾಡು, ಮೇಲೆ ಹುಲ್ಲು. ಎರಡೂ ಸೇರಿ ಮಳೆ ನೀರನ್ನು ಸ್ಪಂಜಿನ ಹಾಗೆ ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತವೆ. ಬೇಸಿಗೆಯಲ್ಲೂ ಕೊಲ್ಲಿಗಳಲ್ಲಿ ನೀರು ಇರುವುದು ಇದರಿಂದ. ಆ ಹುಲ್ಲಿನ ಕೆಳಗೆ ಮಣ್ಣು ಎಷ್ಟಿದೆ ಅಂತ ಬೆರಳು ಹಾಕಿ ನೋಡಿ. ಎಷ್ಟೋ ಕಡೆ ಗೇಣು ಆಳಕ್ಕೆ ಬಂಡೆ ಸಿಗುತ್ತದೆ. ಆ ಗೇಣು ಮಣ್ಣನ್ನು ಹಿಡಿದಿಟ್ಟುಕೊಂಡಿರುವುದು ಹುಲ್ಲಿನ ಬೇರು. ಒಂದು ಟೆಂಟಿನ ಸುತ್ತ ಎರಡು ದಿನ ಆರು ಜನ ಓಡಾಡಿದರೆ ಹುಲ್ಲು ಮಲಗುತ್ತದೆ, ಅಷ್ಟಕ್ಕೆ ಸಾಯುವುದಿಲ್ಲ. ಆದರೆ ಮುಂದಿನ ವಾರ ಬಂದವರು 'ಇಲ್ಲಿ ಯಾರೋ ಟೆಂಟ್ ಹಾಕಿದ್ದಾರೆ, ಜಾಗ ಚೆನ್ನಾಗಿದೆ' ಅಂತ ಅಲ್ಲೇ ಹಾಕುತ್ತಾರೆ. ಅದರ ಮುಂದಿನ ವಾರದವರೂ. ಹುಲ್ಲು ಹೋಗಿ ಕೆಂಪು ಮಣ್ಣು ಕಾಣುತ್ತದೆ, ಜೂನ್ ಮಳೆಗೆ ಆ ಕೆಂಪು ಜಾಗದಿಂದ ಸಣ್ಣ ಚರಂಡಿ ಶುರುವಾಗುತ್ತದೆ. ಟೆಂಟಿನ ಸುತ್ತ ನೀರು ಹೋಗಲಿ ಅಂತ ಕಾಲುವೆ ತೋಡುವವರಂತೂ ಈ ಕೆಲಸವನ್ನು ಮಳೆಗೂ ಬಿಡುವುದಿಲ್ಲ, ತಾವೇ ಮಾಡಿ ಹೋಗುತ್ತಾರೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಜಾರಿದ್ದನ್ನು ನೋಡಿದವರು ನಾವು. ಅದಕ್ಕೆ ಟೆಂಟ್ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಅವತ್ತಿನಿಂದ ಇಳಿಜಾರಿನಲ್ಲಿ ಹೊಸದಾಗಿ ಯಾರು ಮಣ್ಣು ಬಿಚ್ಚಿದರೂ ನನಗೆ ಸುಮ್ನೆ ಇರಲು ಆಗುವುದಿಲ್ಲ.

ಹೊರದೇಶದ ಕ್ಯಾಂಪಿಂಗ್ ಸಲಹೆಗಳಲ್ಲಿ 'ಹುಲ್ಲಿನ ಬದಲು ಬಂಡೆ ಮೇಲೆ ಟೆಂಟ್ ಹಾಕಿ' ಅಂತ ಇರುತ್ತದೆ. ಒಣ ಬಂಡೆ ಆದರೆ ಸರಿ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಂಡೆಗಳು ಒಣಗಿರುವುದಿಲ್ಲ. ನೀರು ಜಿನುಗುವ ಕಡೆ ಬೆರಳಷ್ಟು ದಪ್ಪದ ಮಣ್ಣು, ಅದರಲ್ಲಿ ಪಾಚಿ, ಪಾಚಿಯ ನಡುವೆ ದಾರದಂಥ ದಂಟಿನ ಮೇಲೆ ಸಣ್ಣ ನೀಲಿ ಹೂ. ಯುಟ್ರಿಕ್ಯುಲೇರಿಯಾ ಅಂತ, ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳನ್ನು ಬೇರಿನಂಥ ಎಳೆಗಳ ಮೇಲಿನ ಪುಟ್ಟ ಚೀಲಗಳಲ್ಲಿ ಹಿಡಿದು ತಿನ್ನುವ ಗಿಡ. ಬಗ್ಗಿ ನೋಡದೇ ಇದ್ದರೆ ಅಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಒಂದು ಶೂ ಜಾರಿದರೆ ಆ ಪಾಚಿ ಪೂರ್ತಿ ಚಾಪೆಯಾಗಿ ಎದ್ದು ಬರುತ್ತದೆ.

ಹಾಗಾದರೆ ಟೆಂಟ್ ಎಲ್ಲಿ ಹಾಕಬೇಕು? ನನ್ನನ್ನು ಕೇಳಿದರೆ, ಕಾಫಿ ಕಣದಲ್ಲಿ. ನಿಜವಾಗಿ ಹೇಳುತ್ತಿದ್ದೇನೆ. ತೋಟ ಇರುವ ಮನೆಗಳ ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಇರುತ್ತದೆ. ಅಕ್ಟೋಬರ್‌ನಲ್ಲಿ, ಕೊಯ್ಲು ಶುರುವಾಗುವ ಮುಂಚೆ, ಅದು ಖಾಲಿ. ಮೇಲೆ ಪೂರ್ತಿ ಆಕಾಶ, ಸುತ್ತ ತೋಟ, ಕೆಳಗೆ ಸಾಯಲು ಹುಲ್ಲು ಇಲ್ಲ, ಜಿಗಣೆ ಕಡಿಮೆ, ಶೌಚಾಲಯ ಹತ್ತಿರ. ಸಿಮೆಂಟಿಗೆ ಗೂಟ ಹೊಡೆಯಲು ಆಗುವುದಿಲ್ಲ, ಆದ್ದರಿಂದ ತಾನಾಗಿ ನಿಲ್ಲುವ ಗುಮ್ಮಟದ ಆಕಾರದ ಟೆಂಟ್ ತರಬೇಕು, ಮೂಲೆಗಳಿಗೆ ನಿಮ್ಮ ಬ್ಯಾಗುಗಳನ್ನೇ ಕಟ್ಟಬೇಕು. ಕೆಳಗೆ ದಪ್ಪನೆ ಚಾಪೆ ಬೇಕು, ಸಿಮೆಂಟ್ ರಾತ್ರಿ ತಣ್ಣಗಾಗುತ್ತದೆ. ನನ್ನ ಸ್ನೇಹಿತರಿಗೆ ಹೇಳಿದಾಗ ಮೊದಲು ಮುಖ ಸಪ್ಪೆ ಮಾಡಿದರು. ಮಲಗಿ ಎದ್ದ ಮೇಲೆ ಯಾರೂ ದೂರು ಹೇಳಲಿಲ್ಲ. ಮನೆಯವರಿಗೆ ಬಾಡಿಗೆ ಕೊಡಿ, ಊಟ ಅಲ್ಲೇ ಮಾಡಿ. ಕೊಯ್ಲು ಶುರುವಾದ ಮೇಲೆ ಕಣ ಕಾಫಿಗೆ ಬೇಕು, ಆಮೇಲೆ ಕಾಳುಮೆಣಸಿಗೆ. ಆಗ ಬಂದರೆ ಮನೆಯ ಹಿಂದಿನ ಅಂಗಳ ಕೇಳಬೇಕು, ಇಲ್ಲವೇ ಈಗಾಗಲೇ ತುಳಿದು ಗಟ್ಟಿಯಾದ ಬಾಣೆಯ ಜಾಗ. ಹೊಸ ಜಾಗ ಹುಡುಕಿ ತುಳಿಯಬೇಡಿ.

ನೀರು. ಇದನ್ನು ಹೇಳದೆ ಬಿಡಲು ಆಗುವುದಿಲ್ಲ. ಊಟ ಆದ ಮೇಲೆ ಪಾತ್ರೆ ಹಿಡಿದು ಸೀದಾ ಕೊಲ್ಲಿಗೆ ಇಳಿಯುತ್ತಾರೆ, ಹರಿಯುವ ನೀರಲ್ಲಿ ತೊಳೆದರೆ ಕೊಳೆ ಹೋಗಿಬಿಡುತ್ತದೆ ಅಂತ. ಒಂದು ಸಲ ನಮ್ಮ ತೋಟದ ಕೆಳಗೆ ಇದನ್ನು ಹತ್ತಿರದಿಂದ ನೋಡಿದೆ. ಸಾಂಬಾರಿನ ಪಾತ್ರೆ ಮುಳುಗಿಸಿದ ತಕ್ಷಣ ಎಣ್ಣೆ ಬಣ್ಣ ಬಣ್ಣವಾಗಿ ನೀರಿನ ಮೇಲೆ ಹರಡಿತು. ಸಾಸಿವೆ, ಕರಿಬೇವಿನ ಎಲೆ, ಎರಡು ಅಗುಳು ಅನ್ನ ಕಲ್ಲಿನ ಸಂದಿಗೆ ಹೋಗಿ ಸಿಕ್ಕಿಕೊಂಡವು. ಬೆರಳಿನ ಉಗುರಿನಷ್ಟು ಮೀನುಗಳು ಅನ್ನಕ್ಕೆ ಬಂದವು. ಆಮೇಲೆ ಪಾತ್ರೆ ತೊಳೆಯುವ ದ್ರಾವಣದ ನೊರೆ ಬಂತು. ಮೀನುಗಳು ಚದುರಿದವು. ಕೊಲ್ಲಿಯ ಹರಿವು ಅಲ್ಲಿ ನಿಧಾನ, ಆ ನೊರೆ ತುಂಬಾ ಹೊತ್ತು ಕಲ್ಲು ಸುತ್ತುತ್ತಲೇ ಇತ್ತು. ಕಪ್ಪೆಗಳು ಚರ್ಮದಿಂದಲೂ ಉಸಿರಾಡುತ್ತವೆ, ನೀರಿಗೆ ಏನು ಬಿದ್ದರೂ ಅವುಗಳ ಮೈಯೊಳಗೆ ಹೋಗುತ್ತದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಎಷ್ಟೋ ಜಾತಿಗಳು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಇಂಥ ಸಣ್ಣ ತೊರೆಗಳ ಕಲ್ಲಿನ ಕೆಳಗೂ ಅವು ಇರುತ್ತವೆ. ಫೋಟೋಗೆ ಅಂತ ಕಲ್ಲಿನ ಮೇಲೆ ಕಲ್ಲು ಪೇರಿಸುವ ಆಟವನ್ನೂ ಅದಕ್ಕೇ ಬಿಡಿ ಅನ್ನುವುದು, ಎತ್ತಿದ ಕಲ್ಲಿನ ಅಡಿಯಲ್ಲಿ ಮೊಟ್ಟೆಯೋ ಮರಿಯೋ ಇರಬಹುದು.

'ನಮ್ಮ ಸೋಪು ಬಯೋಡಿಗ್ರೇಡಬಲ್' ಅಂತ ಹೇಳುವವರಿದ್ದಾರೆ. ಅದು ಕರಗಿ ಒಡೆಯುವುದು ಮಣ್ಣಿನ ಸೂಕ್ಷ್ಮಜೀವಿಗಳಿಂದ, ನೀರಿನಲ್ಲಿ ಸೋಪು ಸೋಪೇ. ಬಕೆಟ್‌ನಲ್ಲಿ ನೀರು ತನ್ನಿ, ಕೊಲ್ಲಿಯಿಂದ 60 ಮೀಟರ್, ಅಂದರೆ 70-80 ಹೆಜ್ಜೆ ದೂರದಲ್ಲಿ ಪಾತ್ರೆ ತೊಳೆಯಿರಿ. ಮೊದಲು ಎಂಜಲನ್ನು ಕೆರೆದು ಕವರಿಗೆ ಹಾಕಿ, ಬೂದಿ ಇದ್ದರೆ ಬೂದಿಯಲ್ಲೇ ಉಜ್ಜಿ, ತೊಳೆದ ನೀರನ್ನು ಒಂದೇ ಕಡೆ ಸುರಿಯದೆ ಅಗಲವಾಗಿ ಚೆಲ್ಲಿ. ಕಕ್ಕಬ್ಬೆ ಹೊಳೆ ಕಾವೇರಿಗೆ ಸೇರುತ್ತದೆ, ಇರ್ಪು ಜಲಪಾತದ ಲಕ್ಷ್ಮಣತೀರ್ಥ ಹೊಳೆಯೂ ಕಾವೇರಿಗೇ. ಬೆಂಗಳೂರಿನ ನಲ್ಲಿಯಲ್ಲಿ ಬರುವುದು ಕಾವೇರಿ ನೀರು. ನೀವು ಪಾತ್ರೆ ಅದ್ದುತ್ತಿರುವುದು ನಿಮ್ಮ ಮನೆಯ ನೀರಿನಲ್ಲೇ ಅಲ್ವಾ?

ಶೌಚದ ವಿಷಯ ಮಾತಾಡಲು ಎಲ್ಲರಿಗೂ ಮುಜುಗರ. ಅದಕ್ಕೇ ಬೆಟ್ಟದ ದಾರಿಯ ಪಕ್ಕದ ಪೊದೆಗಳ ಹಿಂದೆ ಟಿಶ್ಯೂ ಪೇಪರ್ ರಾಶಿ. ಮನೆ ಹತ್ತಿರ ಉಳಿದರೆ ಈ ಸಮಸ್ಯೆಯೇ ಇಲ್ಲ. ಇಲ್ಲದಿದ್ದರೆ ಸಣ್ಣ ಕೈಸಲಿಕೆ ತನ್ನಿ, ನೀರು ಮತ್ತು ದಾರಿಯಿಂದ ಅದೇ 70-80 ಹೆಜ್ಜೆ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ಮಾಡಿ, ಕೆಲಸ ಮುಗಿದ ಮೇಲೆ ಅದೇ ಮಣ್ಣು ಮುಚ್ಚಿ. ಅದಕ್ಕಿಂತ ಆಳ ಬೇಡ, ಕೊಳೆಸುವ ಜೀವಿಗಳು ಮೇಲಿನ ಮಣ್ಣಲ್ಲೇ ಜಾಸ್ತಿ. ಒದ್ದೆ ಟಿಶ್ಯೂ ಅಂತ ಮಾರುತ್ತಾರಲ್ಲ, ಬಹುಪಾಲು ಅದರಲ್ಲಿ ಪ್ಲಾಸ್ಟಿಕ್ ನಾರು ಇರುತ್ತದೆ, ಹೂತರೂ ಕೊಳೆಯುವುದಿಲ್ಲ. ಅದು, ಪ್ಯಾಡ್, ಡಯಾಪರ್ ಎಲ್ಲ ಗಟ್ಟಿ ಡಬ್ಬಿಯಲ್ಲಿ ಹಾಕಿಕೊಂಡು ವಾಪಸ್ ಊರಿಗೆ. ಇಲ್ಲಿನ ಮನೆಯವರ ಕಸದ ಬುಟ್ಟಿಗೂ ಹಾಕಬೇಡಿ. ನಗರದ ಹಾಗೆ ದಿನಾ ಬೆಳಗ್ಗೆ ಕಸದ ಗಾಡಿ ಬರುವುದಿಲ್ಲ ಇಲ್ಲಿ, ಎಷ್ಟೋ ತೋಟದ ಮನೆಗಳು ಒಂದೋ ಸುಡಬೇಕು, ಒಂದೋ ಹೂಳಬೇಕು.

ಇನ್ನು ಬೆಂಕಿ. ಕೊಡಗಿಗೆ ಬಂದರೆ ಕ್ಯಾಂಪ್ ಫೈರ್ ಇರಲೇಬೇಕು ಅನ್ನುವಂತಾಗಿದೆ. ಚಳಿಗೆ ಬೆಂಕಿ ಮುಂದೆ ಕೂರುವುದು ನನಗೂ ಇಷ್ಟ. ಆದರೆ ಬಾಣೆಯ ಹುಲ್ಲಿನ ಮೇಲೆ, ಕಾಡಿನ ಅಂಚಿನಲ್ಲಿ ಬೇಡ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು, ಗಾಳಿಗೆ ಬೆಂಕಿ ಗುಡ್ಡ ಹತ್ತಿ ಹೋಗುತ್ತದೆ. ಅದನ್ನು ಆರಿಸಲು ಹಸಿ ಸೊಪ್ಪಿನ ಕೊಂಬೆ ಹಿಡಿದು ಓಡುವವರು ಅರಣ್ಯ ಇಲಾಖೆಯ ದಿನಗೂಲಿ ನೌಕರರು, ಊರಿನ ಹುಡುಗರು. ಮರದ ಕೆಳಗೆ ಹಾಕಿದ ಬೆಂಕಿ ಮೇಲೆ ಆರಿದಂತೆ ಕಂಡರೂ ಒಣ ಎಲೆಗಳ ದಪ್ಪ ಪದರದ ಒಳಗೆ ಹೊಗೆಯಾಡುತ್ತಿರಬಹುದು. ಅಡುಗೆಗೆ ಸಣ್ಣ ಗ್ಯಾಸ್ ಸ್ಟವ್ ತನ್ನಿ. ಬೆಂಕಿ ಬೇಕೇ ಬೇಕು ಅಂದರೆ ಮನೆಯವರನ್ನು ಕೇಳಿ, ಅರ್ಧ ಕತ್ತರಿಸಿದ ಕಬ್ಬಿಣದ ಡ್ರಮ್ ಇರುತ್ತದೆ, ಅದನ್ನು ಕಣದಲ್ಲಿ ಇಟ್ಟು ಹಚ್ಚಿ. ಸೌದೆಗೆ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರಿದಾಗ, ಬಿದ್ದ ಕೊಂಬೆಗಳು ಪ್ರತಿ ತೋಟದಲ್ಲೂ ಇರುತ್ತವೆ, ದುಡ್ಡು ಕೊಟ್ಟು ತೆಗೆದುಕೊಳ್ಳಿ. ಕಾಡಿನಲ್ಲಿ ಬಿದ್ದ ದಿಮ್ಮಿ ಎಳೆದು ತರಬೇಡಿ, ಅದರೊಳಗೆ ಅಣಬೆ, ಜೀರುಂಡೆ, ಹಾವು, ಚೇಳು ಎಲ್ಲ ಸಂಸಾರ ಮಾಡಿಕೊಂಡಿರುತ್ತವೆ. ಮಲಗುವ ಮುಂಚೆ ನೀರು ಸುರಿದು, ಕೆದಕಿ, ಮತ್ತೆ ನೀರು ಸುರಿದು, ಬೂದಿಯನ್ನು ಕೈಯಲ್ಲಿ ಮುಟ್ಟಿ ನೋಡಿ. ಮುಟ್ಟಲು ಆಗದಷ್ಟು ಬಿಸಿ ಇದ್ದರೆ ಬೆಂಕಿ ಆರಿಲ್ಲ. ಚಿಪ್ಸ್ ಪ್ಯಾಕೆಟ್ ಬೆಂಕಿಗೆ ಹಾಕಿದರೆ ಪ್ಲಾಸ್ಟಿಕ್ ಹೊಗೆಯಾಗಿ ನಿಮ್ಮದೇ ಎದೆಗೆ ಹೋಗುತ್ತದೆ, ಒಳಗಿನ ಬೆಳ್ಳಿ ಬಣ್ಣದ ಪದರ ಮುದುಡಿಕೊಂಡು ಬೂದಿಯಲ್ಲಿ ಹಾಗೇ ಉಳಿಯುತ್ತದೆ.

ಆನೆಯ ಬಗ್ಗೆ ಹೊರಗಿನವರಿಗೆ ಎಷ್ಟು ಹೇಳಿದರೂ ಸಾಲದು. ನಮ್ಮಲ್ಲಿ ಆನೆ ಕಾಡಿನಲ್ಲಿ ಮಾತ್ರ ಇರುವುದಲ್ಲ, ತೋಟದಲ್ಲೇ ಇರುತ್ತದೆ. ಬೇಸಿಗೆಯ ಕೊನೆಗೆ ಹಲಸು ಹಣ್ಣಾದಾಗ ವಾಸನೆ ಹಿಡಿದು ಬರುತ್ತದೆ, ಹಲಸಿನ ಮರದ ಕೆಳಗೆ ಟೆಂಟ್ ಹಾಕುವುದು ಅದರ ಊಟದ ತಟ್ಟೆಯ ಮೇಲೆ ಮಲಗುವುದಕ್ಕೆ ಸಮ. ಬಾಳೆಹಣ್ಣು, ಉಪ್ಪು, ಬೆಲ್ಲ, ಹೆಂಡದ ವಾಸನೆ ಯಾವುದೂ ಅದಕ್ಕೆ ದೂರವಲ್ಲ. ತಿಂಡಿಯನ್ನು ಟೆಂಟಿನೊಳಗೆ ಇಡಬೇಡಿ, ಮನೆಯೊಳಗೆ ಅಥವಾ ಕಾರಿನಲ್ಲಿ ಮುಚ್ಚಿಡಿ. 'ಹಣ್ಣಿನ ಸಿಪ್ಪೆ ತಾನೇ, ಕೊಳೆಯುತ್ತೆ' ಅಂತ ಎಸೆಯುವುದೂ ಬೇಡ. ಕಿತ್ತಳೆ ಸಿಪ್ಪೆ ಬೇಗ ಕೊಳೆಯುವುದಿಲ್ಲ, ಅದಕ್ಕೆ ಮುಂಚೆ ಕೋತಿ, ಹಂದಿ ಬರುತ್ತವೆ. ಒಂದು ಸಲ ಇಲ್ಲಿ ಊಟ ಸಿಗುತ್ತದೆ ಅಂತ ಅವುಗಳಿಗೆ ಗೊತ್ತಾದರೆ ನೀವು ಹೋದ ಮೇಲೂ ಬರುತ್ತಲೇ ಇರುತ್ತವೆ. ಆಗ ಅವನ್ನು ಓಡಿಸಲು ರಾತ್ರಿ ಎದ್ದು ಕೂರುವವರು ಪಕ್ಕದ ಲೈನ್ ಮನೆಯ ತೋಟದ ಕೆಲಸಗಾರರು. ಆನೆ ಲದ್ದಿಯಲ್ಲಿ ಪ್ಲಾಸ್ಟಿಕ್ ಕವರ್ ನೋಡಿದ್ದೇನೆ. ಉಪ್ಪು ಖಾರ ಇದ್ದ ಕವರ್ ಅಂದರೆ ಅದನ್ನು ಪೂರ್ತಿಯೇ ನುಂಗಿಬಿಡುತ್ತವೆ.

ಜಿಗಣೆಗೆ ಉಪ್ಪು ಸುರಿಯುವ ಅಭ್ಯಾಸ ಬಿಡಿ. ಉದ್ದನೆಯ ಜಿಗಣೆ ಸಾಕ್ಸ್ ಸಿಗುತ್ತದೆ, ಅದು ಸಾಕು. ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಬಿಡಿಸಿ. ದಾರಿಗೆಲ್ಲ ಉಪ್ಪು ಚೆಲ್ಲಿದರೆ ತೊಂದರೆ ಆಗುವುದು ಎಲೆ ಮರೆಯ ಕಪ್ಪೆಗಳಿಗೂ ಕೂಡ. ಬರುವ ಮುಂಚೆ ಟೆಂಟಿನ ತಳ, ಶೂ ತೊಳೆದು ಬನ್ನಿ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಬೀಜ ಮಣ್ಣಿನ ಜೊತೆ ಅಂಟಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತದೆ. ನಮ್ಮಲ್ಲಿ ಹೊರಗಿನಿಂದ ಬಂದು ಹಬ್ಬಿದ ಲಂಟಾನ ಪೊದೆ ಒಂದೇ ಸಾಕಾಗಿದೆ.

ರಾತ್ರಿ ಸ್ಪೀಕರ್ ಬೇಡ, ಜೋರು ಲೈಟ್ ಬೇಡ. ಮೇ ತಿಂಗಳಲ್ಲಿ ಮೊದಲ ಮಳೆಗಳ ಹೊತ್ತಿಗೆ ಮಿಂಚುಹುಳುಗಳು ಬೆಳಕಿನಲ್ಲೇ ಜೋಡಿ ಹುಡುಕುತ್ತವೆ. ಮರಕ್ಕೆ ಸುತ್ತಿದ ಸೀರಿಯಲ್ ಲೈಟಿನ ಮುಂದೆ ಅವುಗಳ ಬೆಳಕು ಒಂದಕ್ಕೊಂದು ಕಾಣುವುದಿಲ್ಲ. ಕಪ್ಪೆ ಕೂಗುವುದೂ ಜೋಡಿಗಾಗಿಯೇ. ಹೆಡ್‌ಲ್ಯಾಂಪಿನಲ್ಲಿ ಕೆಂಪು ಬೆಳಕಿನ ಗುಂಡಿ ಇದ್ದರೆ ಅದನ್ನೇ ಬಳಸಿ.

ದೇವರಕಾಡಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಎಷ್ಟೋ ಕಡೆ ಬೇಲಿ, ಬೋರ್ಡ್ ಏನೂ ಇರುವುದಿಲ್ಲ. ಊರಿನ ಹಬ್ಬಕ್ಕೆ ಮುಂಚೆ ಕೆಲವು ಊರುಗಳಲ್ಲಿ ಕಟ್ಟು ಬೀಳುತ್ತದೆ, ಆ ದಿನಗಳಲ್ಲಿ ಹಸಿ ಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ, ಗದ್ದಲ ಮಾಡುವಂತಿಲ್ಲ. ಕಟ್ಟಿನ ನಿಯಮ ಊರಿಂದ ಊರಿಗೆ ಬೇರೆ. ನೀವು ಬಂದು ಅಲ್ಲಿ ಚಿಕನ್ ಸುಟ್ಟು ಪಾರ್ಟಿ ಮಾಡಿದರೆ ಊರವರಿಗೆ ಎಷ್ಟು ನೋವಾಗುತ್ತದೆ ಅಂತ ಯೋಚಿಸಿ. ಈ ಕಾಡುಗಳು ಇಷ್ಟು ವರ್ಷ ಉಳಿದಿರುವುದು ಊರವರು ಅಲ್ಲಿಂದ ಒಂದು ಕಡ್ಡಿಯನ್ನೂ ತರುವುದಿಲ್ಲ ಅಂತ ನಡೆದುಕೊಂಡಿದ್ದರಿಂದ. ಹೊರಗೆ ನಿಂತು ನೋಡಿ, ಒಳಗೆ ಹೋಗಲೇಬೇಕು ಅಂದರೆ ಊರಿನ ಹಿರಿಯರ ಜೊತೆ, ಚಪ್ಪಲಿ ಬಿಟ್ಟು ಹೋಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟ್ ಬೇಡವೇ ಬೇಡ, ಮನೆಯೊಳಗೆ ಮಲಗಿ ಮಳೆ ನೋಡಿ. ಅಕ್ಟೋಬರ್‌ನಲ್ಲಿ ಬರುವವರು ಬುಕ್ ಮಾಡುವ ಮುಂಚೆ ಫೋನಿನಲ್ಲಿ ಕೇಳಿ. ಮನೆಯವರು ಅಲ್ಲೇ ವಾಸ ಇದ್ದಾರಾ? ಟೆಂಟ್ ಹಾಕುವ ಜಾಗ ಅವರ ಸ್ವಂತದ್ದಾ, ಅರಣ್ಯಕ್ಕೆ ಸೇರಿದ್ದಾ? ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ, ಗುಂಡಿಗಾ ಕೊಲ್ಲಿಗಾ? ಈ ವಾರ ಆನೆ ಎಲ್ಲಿದೆ? ಕೊನೆಯ ಪ್ರಶ್ನೆಗೆ ಅಲ್ಲೇ ಇರುವವರು ತಕ್ಷಣ ಉತ್ತರ ಕೊಡುತ್ತಾರೆ, ಯಾವ ತೋಟದಲ್ಲಿ, ಎಷ್ಟು ಆನೆ, ಮರಿ ಇದೆಯಾ ಅಂತಲೂ ಹೇಳುತ್ತಾರೆ. 'ಆನೆ ಗೀನೆ ಏನೂ ಇಲ್ಲ ಸಾರ್, ಬನ್ನಿ' ಅಂದರೆ ಬೇರೆ ಮನೆಗೆ ಫೋನ್ ಮಾಡಿ.